ಎಲೆಯಿದ್ದ ಕೊಂಬೆಗಳ ಮೇಲೆ ಹಿಮ

ಆಬಾನ್ ೧೫, ಗುರುವಾರ

ಬೆಳಗ್ಗೆ ಮಕ್ಕಳಿಗೆ ಲಸಿಕೆ. ಆಮೇಲೆ ಮುದುಕರ ಬಿಪಿ. ಮಂಡಿ ನೋವು — ನನ್ನದು, ಅವರದಲ್ಲ. ಒಲೆಗೆ ಸೀಮೆಎಣ್ಣೆ ಇನ್ನೂ ತರಿಸಿಲ್ಲ. ಬೇಕಾಗಿಯೇ ಇಲ್ಲ. ಶರತ್ಕಾಲದ ನಡುವಿನ ಆಬಾನ್ ತಿಂಗಳೂ ಅರ್ಧ ಕಳೆಯಿತು, ಸ್ವೆಟರ್ ಪೆಟ್ಟಿಗೆಯಲ್ಲೇ ಇದೆ. ಬೇರೆ ವರ್ಷ ಈ ಹೊತ್ತಿಗೆ ಕಾಡು ಬೋಳು. ಈ ಸಲ ಬೀಚ್ ಮರಗಳೆಲ್ಲ ತಾಮ್ರದ ಬಣ್ಣ ಹೊತ್ತು ನಿಂತೇ ಇವೆ. ಅಂಜೀಲಿ ಅನ್ನುವ ಇಲ್ಲಿಯ ಕಾಡುಮರದ ಒಂದೇ ಕೊಂಬೆಯಲ್ಲಿ ಹಳದಿ, ಕೆಂಪು, ನೇರಳೆ. ಟೆಹರಾನಿನವರ ಕಾರುಗಳು ಮಸೀದಿಯ ತನಕ. ಫೋಟೊ ತೆಗೆದು ಮುಗಿಯುವುದಿಲ್ಲ. ಒಬ್ಬಳು ನನ್ನ ಆರೋಗ್ಯ ಕೇಂದ್ರವನ್ನೇ ಹೋಟೆಲ್ ಅಂದುಕೊಂಡು ಒಳಗೆ ಬಂದು ಚಹಾ ಕೇಳಿದಳು. ಕೊಟ್ಟೆ. ವಾದಿಸಲು ಶಕ್ತಿ ಇರಲಿಲ್ಲ.

ಮಧ್ಯಾಹ್ನ ಶಹರ್‌ಬಾನು ಮನೆಗೆ. ಸೊಸೆ ಮಹ್ತಾಬ್‌ಗೆ ಎಂಟು ತಿಂಗಳು ತುಂಬಿದೆ. ಮೊದಲನೆಯದು ಆಪರೇಷನ್ ಹೆರಿಗೆ. ಈ ಸಲ ನೋವು ಕಾಣಿಸಿಕೊಳ್ಳುವ ಮೊದಲೇ ಕೆಳಗೆ ಪಟ್ಟಣದಲ್ಲಿರಬೇಕು ಅಂತ ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದಾರೆ. ಹಳೆಯ ಹೊಲಿಗೆ ಬಿಟ್ಟುಕೊಂಡರೆ ಇಲ್ಲಿ ನಾನು ಏನೂ ಮಾಡಲಾರೆ.

"ಬಾನು ಅಮ್ಮ, ಇವಳನ್ನ ಪಟ್ಟಣಕ್ಕೆ, ತವರಿಗೆ ಕಳಿಸಿ. ಹಿಮ ಬಿದ್ದು ರಸ್ತೆ ಮುಚ್ಚಿದ್ರೆ ಆಮೇಲೆ ಯಾರ ಕೈಲೂ ಆಗಲ್ಲ."

"ಎಲ್ಲಿಂದ ಮುಚ್ಚತ್ತೆ? ಹೊರಗೆ ನೋಡು ಫರಂಗೀಸ್. ಎಲೆ ಇನ್ನೂ ಕೊಂಬೆ ಬಿಟ್ಟಿಲ್ಲ. ಎಲೆ ಉದುರ್ಲಿ, ನಾನೇ ಕೈ ಹಿಡ್ಕೊಂಡು ಹೋಗಿ ಬಿಟ್ಟು ಬರ್ತೀನಿ."

"ಮಗು ಎಲೆ ನೋಡ್ಕೊಂಡು ಹುಟ್ಟಲ್ಲ."

"ಹೆತ್ತವಳು ನಾನು. ಪಾಠ ಹೇಳೋಳು ನೀನು."

ಮಹ್ತಾಬ್ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಲೇ ಇದ್ದಳು. ನಾನು ಎದ್ದು ಬಂದೆ.

ಆಬಾನ್ ೨೦

ಇಲ್ಯಾಸ್ ಫೋನಿಗೆ ಸಿಕ್ಕ, ಕೊನೆಗೂ. ಮಹ್ತಾಬ್‌ಳ ಗಂಡ. ಕುರಿಮಂದೆಯ ಜೊತೆ ಬಯಲುಸೀಮೆಗೆ ಇಳಿದಿದ್ದಾನೆ, ವಸಂತದವರೆಗೂ ಬರುವುದಿಲ್ಲ. ವಿಷಯ ಬಿಡಿಸಿ ಹೇಳಿದೆ.

"ಅಮ್ಮ ಏನಂತಾಳೆ ಅಕ್ಕ?"

"ಎಲೆ ಉದುರ್ಲಿ ಅಂತಾಳೆ."

"ಹಂಗಾದ್ರೆ... ಅವಳಿಗೆ ಗೊತ್ತಿರತ್ತೆ."

ಫೋನ್ ಕಟ್ಟಾಯಿತೋ ಅವನೇ ಇಟ್ಟನೋ.

ಆಬಾನ್ ೨೨, ಗುರುವಾರ

ಮಹ್ತಾಬ್ ಒಬ್ಬಳೇ ಬಂದಿದ್ದಳು. ಕಾಲು ಊದಿಕೊಂಡಿದೆ. ಮಗುವಿನ ಎದೆಬಡಿತ ಚೆನ್ನಾಗಿದೆ. ನಿನಗೆ ಹೋಗುವ ಮನಸ್ಸಿಲ್ಲವಾ ಅಂತ ನೇರವಾಗಿ ಕೇಳಿದೆ.

"ನಾನೂ ಮಗಳೂ ಹೊರಟ್ರೆ ಅತ್ತೆ ಒಬ್ರೇ ಅಕ್ಕ. ಹಿಮ ಬಿದ್ರೆ ಮತ್ತೆ ಹತ್ತಿ ಬರೋಕಾಗಲ್ಲ. ಚಳಿಗಾಲ ಪೂರ್ತಿ ಅವರಿಗೆ ಮಾತಿಗೆ ಹಸು ಒಂದೇ."

"ಹಂಗಂತ ಅವರೇ ಅಂದ್ರಾ?"

"ಅವರೆಲ್ಲಿ ಅಂತಾರೆ. ನಿನ್ನೆ ರಾತ್ರಿ ಹಸುಗೆ ಬೈತಾ ಇದ್ರು — ನೀನೂ ಹೋಗು, ಎಲ್ಲಾರೂ ಹೋಗಿ ಅಂತ."

ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ನಗು ಬರಲಿಲ್ಲ.

ಆಬಾನ್ ೨೬

ಮತ್ತೆ ಹೋದೆ. ಶಹರ್‌ಬಾನು ಅಂಗಳದಲ್ಲಿ ದಾಳಿಂಬೆ ರಸ ಕಾಯಿಸುತ್ತಿದ್ದಳು. ಕೈಯೆಲ್ಲ ಕೆಂಪು. ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವಳು ಸೌಟು ಕೆಳಗಿಟ್ಟು ಮೆತ್ತಗೆ ಅಂದಳು — "ಶನಿವಾರ ಕುರ್ಬಾನನ ಮಿನಿಬಸ್ಸಲ್ಲಿ ಕಳಿಸ್ತೀನಿ. ಈ ಶುಕ್ರವಾರ ಒಂದು ಜೊತೇಲಿ ಊಟ ಮಾಡ್ತೀವಿ. ಸಾಕಾ?"

ನಾಳೆಯೇ ಕಳಿಸಿ ಅನ್ನಬೇಕಿತ್ತು. ಸಾಕು ಅಂದೆ. ಸುಸ್ತಾಗಿತ್ತು. ಇನ್ನೊಂದು ಮಾತು ಆಡಿದರೆ ಅಲ್ಲೇ ಕೂತುಬಿಡುತ್ತಿದ್ದೆನೇನೋ. ವಾಪಸ್ ಬರುವಾಗ ಕಾಡಿನ ಮೇಲೆ ಇಳಿಬಿಸಿಲು. ಬರುವ ವಸಂತಕ್ಕೆ ನನಗೆ ರಿಟೈರು; ಇನ್ನೊಂದು ಶರತ್ಕಾಲ ಇಲ್ಲಿ ಸಿಗುವುದಿಲ್ಲ. ಇನ್ನೂ ನಾಲ್ಕು ದಿನ ಇರಲಿ ಈ ಬಣ್ಣ ಅಂತ ನಾನೂ ಅಂದುಕೊಂಡೆ.

ಆಬಾನ್ ೨೯, ಗುರುವಾರ

ಬೆಚ್ಚನೆಯ ಗಾಳಿ ಇಡೀ ದಿನ. ಸಂಜೆಗೆ ದಿಕ್ಕು ತಿರುಗಿತು. ಪ್ರವಾಸಿಗಳು ಕತ್ತಲಾಗುವ ಮೊದಲೇ ಇಳಿದು ಹೋದರು. ಗಾಜಿನ ಮೇಲೆ ಮಳೆ... ಮಳೆಯಾ?

ಆಬಾನ್ ೩೦, ಬೆಳಗ್ಗೆ

ಹಿಮ. ಒದ್ದೆ, ಭಾರದ ಹಿಮ. ಎಲೆ ಉದುರಿದ್ದರೆ ಕೊಂಬೆಗಳ ನಡುವಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಎಲೆಯ ಮೇಲೆ ಕೂತಿದೆ. ಮರಗಳು ಮುರಿಯುತ್ತಿವೆ. ಬಂದೂಕಿನಂಥ ಸದ್ದು, ಒಂದರ ಹಿಂದೆ ಒಂದು. ಫೋನ್ ಸಿಗ್ನಲ್ ಒಂದು ಗೆರೆ.

ಶಹರ್‌ಬಾನು ಅಂಗಳ ದಾಟಿ ಓಡಿ ಬರುತ್ತಿದ್ದಾಳೆ. ಕಾಲಲ್ಲಿ ಬರೀ ಕಾಲುಚೀಲ —

ಆಜರ್ ೩, ಆಸ್ಪತ್ರೆ ವರಾಂಡ

ಮೂರು ದಿನದ ಮೇಲೆ ಈಗ ಕೂತು ಬರೆಯಬಹುದು.

ಬೆಳಗ್ಗೆಯೇ ನೋವು ಶುರುವಾಗಿತ್ತು. ಮೊದಲು ಆಸ್ಪತ್ರೆಗೆ ಫೋನ್ ಮಾಡಿದೆ: ಹಳೆಯ ಆಪರೇಷನ್, ನೋವು ಬಂದಿದೆ, ಸಿದ್ಧವಾಗಿರಿ. ಆಂಬುಲೆನ್ಸ್ ಡಾಂಬರು ರಸ್ತೆಯ ತನಕ ಬರುತ್ತದೆ ಅಂದರು. ಅಲ್ಲಿಯವರೆಗೆ ನಮ್ಮ ಮಣ್ಣುದಾರಿ, ಅದರ ತುಂಬ ಮುರಿದು ಬಿದ್ದ ಮರ. ಮಿನಿಬಸ್ಸಿನ ಕುರ್ಬಾನ್ ಟ್ರಾಕ್ಟರ್ ತಂದ. ಟ್ರೇಲರಿನಲ್ಲಿ ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಕಟ್ಟಿ, ಮಹ್ತಾಬ್‌ಳನ್ನು ಮಲಗಿಸಿದೆವು. ಕಾಡಿನ ಕಾವಲುಗಾರ ಯದುಲ್ಲಾ ಗರಗಸದ ಮಷಿನ್ ಹೊತ್ತು ಎಲ್ಲರಿಗಿಂತ ಮುಂದೆ ನಿಂತಿದ್ದ. ಊರಲ್ಲಿ ಒಂದು ರೆಂಬೆ ಕಡಿದರೂ ದಂಡ ಹಾಕುವ ಮನುಷ್ಯ.

"ಇವತ್ತು ಎಲ್ಲಾರೂ ಕೊಡಲಿ ತನ್ನಿ. ಬೇಕಾದಷ್ಟು ಕಡೀರಿ. ದಂಡ ನಾಳೆ ಹಾಕ್ತೀನಿ," ಅಂದ.

"ನಿನ್ನ ಹೆಸರಿಗೂ ಒಂದು ಹಾಕ್ಕೋ ಮಾರಾಯ," ಅಂದ ಕುರ್ಬಾನ್.

ಟಾರ್ಪಾಲಿನ ಒಳಗೆ ಮಹ್ತಾಬ್ ನಕ್ಕಳು. ಮರುಗಳಿಗೆ ನನ್ನ ಕೈ ಹಿಡಿದು ಹಲ್ಲು ಕಚ್ಚಿದಳು.

ಒಂದೊಂದು ತಿರುವಿನಲ್ಲೂ ನಿಂತೆವು. ಗಂಡಸರು ಕೊಯ್ದರು, ಹೆಂಗಸರು ಎಳೆದರು. ಬಿಳಿ ಹಿಮದ ಮೇಲೆ ಕೆಂಪು ಎಲೆ, ಹಳದಿ ಎಲೆ. ಯಾರೂ ನೋಡಲಿಲ್ಲ. ಶಹರ್‌ಬಾನು ಎಲ್ಲರಿಗಿಂತ ಮುಂದೆ, ಬರಿಗೈಯಲ್ಲಿ ಕೊಂಬೆ ಎಳೆಯುತ್ತಿದ್ದಳು. ಯದುಲ್ಲಾ ಪಕ್ಕಕ್ಕೆ ನಿಲ್ಲಿ ಅಂದರೆ ಕೇಳಲಿಲ್ಲ. ಅಂಗೈ ಹರಿದಿತ್ತು. ಅದನ್ನು ನಾನು ನೋಡಿದ್ದು ಡಾಂಬರು ರಸ್ತೆಗೆ ಮುಟ್ಟಿದ ಮೇಲೆ. ಆಂಬುಲೆನ್ಸ್ ಹತ್ತಲು ಹೋದಾಗ ಒಳಗೆ ಒಬ್ಬರಿಗೇ ಜಾಗ ಅಂದರು. ಅವಳು ಬಾಗಿಲು ಬಿಟ್ಟು ಹಿಂದೆ ಸರಿದಳು. "ನೀನು ಹೋಗು. ನಂಗೇನು ಗೊತ್ತಾಗತ್ತೆ."

ಪಟ್ಟಣದೊಳಗೆ ಬಂದಾಗ ನೋವು ನಿಂತಿತು. ನಿಲ್ಲಬಾರದಿತ್ತು. ಮಹ್ತಾಬ್‌ಳ ತುಟಿ ಬೆಳ್ಳಗಾಯಿತು. "ಅಕ್ಕ, ಈಗ ಹಾಯೆನಿಸ್ತಿದೆ," ಅಂದಳು. ನಾನು ಡ್ರೈವರನಿಗೆ ಕೂಗಿದೆ. ಆಸ್ಪತ್ರೆಯ ಗೇಟು ಎದುರಿಗೇ ಇತ್ತು. ನೇರ ಆಪರೇಷನ್‌ಗೆ ಒಯ್ದರು.

ಮಗ. ಉಳಿದ. ಗಾಜಿನ ಪೆಟ್ಟಿಗೆಯಲ್ಲಿದ್ದಾನೆ, ನಿನ್ನೆಯಿಂದ ಅಳುತ್ತಿದ್ದಾನೆ, ಒಳ್ಳೆಯದು. ತಾಯಿಯೂ ಉಳಿದಳು. ಗರ್ಭಕೋಶ ಉಳಿಯಲಿಲ್ಲ. ಹೊಲಿಗೆ ಬಿಚ್ಚಿಕೊಂಡಿತ್ತು. ರಕ್ತ ನಿಲ್ಲಿಸಲು ಬೇರೆ ದಾರಿ ಇರಲಿಲ್ಲ ಅಂದರು ಡಾಕ್ಟರ್. ಮಹ್ತಾಬ್‌ಗೆ ಇಪ್ಪತ್ನಾಲ್ಕು.

ಆಜರ್ ೫

ಅವಳಿಗೆ ಹೇಳಿದ್ದಾರೆ. ನಾನು ಒಳಗೆ ಹೋದಾಗ ಗೋಡೆ ಕಡೆ ಮುಖ.

"ಅಕ್ಕ, ಮೊದಲೇ ಬಂದಿದ್ರೆ ಉಳೀತಿತ್ತಾ?"

ಸುಳ್ಳು ಹೇಳಬಹುದಿತ್ತು. ಹತ್ತು ಸುಳ್ಳು ಬಾಯಿಗೆ ಬಂದವು.

"ಉಳೀತಿತ್ತು," ಅಂದೆ.

ಅವಳು ಅಳಲಿಲ್ಲ. ಅವಳಮ್ಮ, ಕುರ್ಬಾನ್ ಊರಿಂದ ತಂದು ಬಿಟ್ಟ ಮೊಮ್ಮಗಳ ಜೊತೆ ಕೂತು, ಹೊರಗೆ ಶಹರ್‌ಬಾನುವನ್ನು ಶಪಿಸುತ್ತಿದ್ದದ್ದು ಕೇಳುತ್ತಿತ್ತು.

"ಅತ್ತೆ ಕೇಳಿದ್ರೆ ಹಂಗೆ ಹೇಳ್ಬೇಡಿ. ಅವರಿಗೆ ಒಬ್ರೇ ಚಳಿಗಾಲ ಕಳೀಬೇಕು," ಅಂದಳು. ಆಮೇಲೆ — "ನಾನು ಇನ್ನೂ ಕ್ಷಮಿಸಿಲ್ಲ. ಆದ್ರೂ ಹೇಳ್ಬೇಡಿ."

ಆಜರ್ ೯

ವಾಪಸ್ ಊರಿಗೆ. ಕುರ್ಬಾನನ ಟ್ರಾಕ್ಟರಿನಲ್ಲಿ, ಮೂಟೆಗಳ ಜೊತೆ. ಹಿಮ ಗಟ್ಟಿಯಾಗಿದೆ. ಕಾಡು ಬೋಳು. ಸೀಳಿದ ಕಡೆಯೆಲ್ಲ ಮರದ ಹಸಿ ಬಿಳುಪು. ದಾರಿಯ ಬದಿಗೆ ರಾಶಿ ಹಾಕಿದ ಕೊಂಬೆಗಳಲ್ಲಿ ಎಲೆ ಹಾಗೇ ಅಂಟಿದೆ, ಕಂದು ಬಣ್ಣಕ್ಕೆ ತಿರುಗಿ. ಮೈಯೆಲ್ಲ ನೋವು. ಸ್ವೆಟರ್ ತೆಗೆದೆ. ಸೀಮೆಎಣ್ಣೆ ಪಕ್ಕದ ಮನೆಯಿಂದ.

ಒಲೆ ಹೊತ್ತಿಸುತ್ತಿದ್ದಾಗ ಶಹರ್‌ಬಾನು ಬಂದಳು. ಕೈಗೆ ಬಟ್ಟೆ ಸುತ್ತಿತ್ತು. ಬಿಚ್ಚಿ, ತೊಳೆದು, ಮುಲಾಮು ಹಚ್ಚಿದೆ. ಮಗು ಯಾರ ಹಾಗಿದ್ದಾನೆ ಅಂತ ಕೇಳಿದಳು. ಇಲ್ಯಾಸನ ಹಾಗೆ, ಅಂದೆ. ಮಹ್ತಾಬ್ ಊಟ ಮಾಡ್ತಾಳಾ? ಮಾಡ್ತಾಳೆ. ಗರ್ಭಕೋಶದ ವಿಷಯ ಕುರ್ಬಾನ್ ಆಗಲೇ ಹೇಳಿದ್ದನಂತೆ.

"ಫರಂಗೀಸ್, ನೀನು ಅಂದ ದಿನ ಕಳಿಸಿದ್ರೆ ಹಿಂಗಾಗ್ತಿತ್ತಾ?"

"ಮೊದಲು ಚಹಾ ಕುಡೀರಿ," ಅಂದೆ.

ಕುಡಿದಳು. ನನ್ನ ಮುಖವನ್ನೇ ನೋಡುತ್ತಾ. ಇನ್ನೊಂದು ಲೋಟ ಹಾಕಿದೆ, ಅದನ್ನೂ ಕುಡಿದಳು. ಮತ್ತೆ ಕೇಳಲಿಲ್ಲ. ಬಹುಶಃ ಉತ್ತರ ಸಿಕ್ಕಿತು. "ನಾಳೆಯೂ ಬರ್ತೀನಿ, ಕೈ ನೋಡು," ಅಂದಳು. ಅಂದವಳು ಏಳಲಿಲ್ಲ. ಒಲೆಯ ಪಕ್ಕ ಗೋಡೆಗೊರಗಿ ಹಾಗೇ ನಿದ್ದೆ ಹೋದಳು. ಕಂಬಳಿ ಹೊದಿಸಿದ್ದೇನೆ. ಹಸುವಿನ ಹಾಲು ಕರೆಯುವ ಹೊತ್ತಾಯಿತು. ಅವಳ ಕೊಟ್ಟಿಗೆಯಿಂದ ಕೂಗು ಇಲ್ಲಿಗೇ ಕೇಳುತ್ತಿದೆ. ಎಬ್ಬಿಸಬೇಕು. ಈ ಕೈಯಲ್ಲಿ ಹೇಗೂ ಕರೆಯಲಾರಳು. ನಾನೇ ಹೋಗಿ ಕರೆದು ಬರುತ್ತೇನೆ.