ಪಾಸಾಂಗ್ ಬರುವ ಶನಿವಾರ

ವುಡಿನ್‌ವಿಲ್
೫ ಅಕ್ಟೋಬರ್ ೨೦೨೫

ತನ್ಮಯ ಅವರಿಗೆ,

ಹೆಸರಿಗೆ ‘ಪ್ರಿಯ’ ಸೇರಿಸಲೋ ಬೇಡವೋ ಎಂದು ಒಂದು ಲೋಟ ಚಹಾ ಆರುವಷ್ಟು ಹೊತ್ತು ಯೋಚಿಸಿ, ಬಿಟ್ಟೆ. ನೀವಿರುವ ರೆಡ್ಮಂಡ್‌ಗೆ ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಅದಕ್ಕೆ ಅಂಚೆಚೀಟಿ ಹಚ್ಚುವವಳು ಇಡೀ ಊರಿಗೆ ನಾನೊಬ್ಬಳೇ ಇರಬೇಕು. ಮೆಸೇಜ್ ಕಳಿಸಿದರೆ ನೀವು ಹೆಬ್ಬೆರಳು ಎತ್ತಿ ತೋರಿಸಿ ಮುಗಿಸುತ್ತೀರಿ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ.

ವಿಷಯ ಪಾಸಾಂಗ್‌ಳದು. ಏಳು ವರ್ಷದ ಹಿಂದೆ ನಾರ್ತ್ ಕ್ರೀಕ್‌ನ ಆ ಸಭೆಯಲ್ಲಿ ಟ್ರಸ್ಟ್‌ನವರು ಎವರೆಸ್ಟ್ ಬುಡದ ಶೆರ್ಪಾ ಹಳ್ಳಿಗಳ ಚಿತ್ರ ತೋರಿಸಿ, ಒಂದೊಂದು ಮನೆಯವರು ಒಂದೊಂದು ಮಗುವಿನ ಓದಿಗೆ ನಿಲ್ಲುವಿರಾ ಎಂದು ಕೇಳಿದಾಗ ಮೊದಲು ಕೈ ಎತ್ತಿದವರು ನೀವು. ಶಾಲೆಯ ಹಾಸ್ಟೆಲ್‌ನಿಂದ ಊರಿಗೆ ಎರಡು ದಿನ ನಡೆಯಬೇಕಾದ, ಹನ್ನೊಂದು ವರ್ಷದ ಹುಡುಗಿ ನಮ್ಮ ಪಾಲಿಗೆ ಬಂದಳು. ಅವರಲ್ಲಿ ಹುಟ್ಟಿದ ವಾರವೇ ಹೆಸರು, ಪಾಸಾಂಗ್ ಎಂದರೆ ಶುಕ್ರವಾರ ಎಂದು ತಿಳಿದಾಗ, ನಾನು ಹುಟ್ಟಿದ್ದು ಶನಿವಾರ ಎಂದೆ. “ಅದಕ್ಕ ನೋಡು, ನನಗ ಈ ಶನಿಕಾಟ,” ಎಂದು ಕಾರು ಮನೆ ಮುಟ್ಟುವವರೆಗೂ ನಕ್ಕಿರಿ. ನಮಗೆ ಮಕ್ಕಳಿಲ್ಲ ಎಂಬ ಮಾತು ಆಗಿನ್ನೂ ಮನೆಯಲ್ಲಿ ಅಷ್ಟು ಜಾಗ ಹಿಡಿದಿರಲಿಲ್ಲ.

ಟ್ರಸ್ಟ್‌ನ ಪದ್ಧತಿ ನಿಮಗೆ ಗೊತ್ತು. ವರ್ಷಕ್ಕೆ ಎರಡು ಸಲ ಮಗು ಕೈಯಾರೆ ಬರೆಯಬೇಕು, ಮನೆಯವರೆಲ್ಲ ಕೈಯಾರೆ ಉತ್ತರಿಸಬೇಕು. ನನ್ನದೊಂದು ಪುಟ, ನಿಮ್ಮದು ಅರ್ಧ. ಎರಡು ವರ್ಷದ ಹಿಂದೆ “ಸ್ವಲ್ಪ ದಿನ ಒಬ್ಬನ ಇರತೇನಿ” ಎಂದು ನೀವು ಸೂಟ್‌ಕೇಸ್ ಹಿಡಿದು ಹೋದ ಮೇಲೂ ಆ ಅರ್ಧ ಪುಟ ನಿಂತಿಲ್ಲ. ನಿಮ್ಮ ಹಾಗೆ ಅಕ್ಷರ ಎಡಕ್ಕೆ ವಾಲಿಸಿ ನಾನೇ ಬರೆಯುತ್ತಿದ್ದೇನೆ. ಬೈಯಿರಿ, ಪರವಾಗಿಲ್ಲ. ಹಿಮಕುಸಿತದಲ್ಲಿ ಅಪ್ಪನನ್ನು ಕಳೆದುಕೊಂಡ ಹುಡುಗಿಗೆ ಇವರೂ ಮನೆ ಬಿಟ್ಟರು ಎಂದು ಹೇಗೆ ಬರೆಯಲಿ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅದು ನೆಪ. ಆ ಅರ್ಧ ಪುಟದಲ್ಲಿ ನೀವು ತುಂಬ ಒಳ್ಳೆಯ ಗಂಡ.

ಈಗ ಅವಳು ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ, ನರ್ಸಿಂಗ್ ಸೇರುತ್ತಾಳೆ. ಟ್ರಸ್ಟ್‌ನ ವಾರ್ಷಿಕ ಕೂಟಕ್ಕೆ ಅವಳನ್ನು ಕರೆಸುತ್ತಿದ್ದಾರೆ. ಇದೇ ಹದಿನೆಂಟು, ಶನಿವಾರ ಬಂದು ಎರಡು ದಿನ ನಮ್ಮಲ್ಲೇ ಇರುತ್ತಾಳೆ. ಅವಳ ತಾಯಿ ನನಗೆಂದು ಪಟ್ಟೆಪಟ್ಟೆಯ ಉಣ್ಣೆಯ ಮುಂಬಟ್ಟೆ ನೇಯ್ದಿದ್ದಾಳಂತೆ. ಸೊಂಟದ ಮುಂದೆ ಕಟ್ಟಿಕೊಳ್ಳುವಂಥದ್ದು, ಮದುವೆಯಾದ ಹೆಂಗಸರಿಗೆ ಮಾತ್ರ. ಅಂಕಲ್ ಎದುರಿಗೇ ಕಟ್ಟುತ್ತೇನೆ ಎಂದು ಪಾಸಾಂಗ್ ಬರೆದಿದ್ದಾಳೆ. ಯಾವ ಮುಖ ಇಟ್ಟುಕೊಂಡು ಕಟ್ಟಿಸಿಕೊಳ್ಳಲಿ?

ಆದ್ದರಿಂದ ಶನಿವಾರ ಸಂಜೆ ನಾಲ್ಕಕ್ಕೆ ಬನ್ನಿ. ಗೂಟಕ್ಕೆ ತೂಗುಹಾಕಲು ಎರಡು ಅಂಗಿ ತನ್ನಿ. ಸಿಕ್ಕಿಬೀಳದಂತೆ, ಆ ಅರ್ಧ ಪುಟಗಳಲ್ಲಿ ನಾನು ಬರೆದ ಕೆಲವು ಸಂಗತಿ ನೆನಪಿರಲಿ. ಹೋದ ಚಳಿಗಾಲ ನೀವು ಜಾರಿ ಬಿದ್ದು ಮೊಣಕಾಲು ನೋಯಿಸಿಕೊಂಡಿರಿ, ನಾನು ಹದಿನೈದು ದಿನ ಎಣ್ಣೆ ತಿಕ್ಕಿದೆ. ಹಿತ್ತಲಿನ ಬದನೆ ಗಿಡ ನಿಮ್ಮವು. ಜೋಳದ ರೊಟ್ಟಿ ಬಡಿಯಲು ಕಲಿತಿದ್ದೀರಿ. ಅದು ಮಾತ್ರ ಸ್ವಲ್ಪ ಅತಿಯಾಯಿತು, ಅವಳು ಮಾಡಿ ತೋರಿಸಿ ಎಂದರೆ ಹಿಟ್ಟು ಮುಗಿದಿದೆ ಎನ್ನಿ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೊಳೆ ದಂಡೆಗೆ ವಾಕಿಂಗ್ ಹೋಗುತ್ತೇವೆ. ಹೋಗುವವಳು ನಾನೊಬ್ಬಳೇ. ಬಂದು ಇಬ್ಬರ ಮಾತನ್ನೂ ಬರೆಯುತ್ತೇನೆ.

ಯಾಕೆ ಹೋದಿರಿ ಎಂದು ಕೇಳುವುದಿಲ್ಲ. ಜಗಳವಾಡಿ ಹೋಗಿದ್ದರೆ ಕೊನೆಗೆ ನಾನು ಅಂದದ್ದು ಏನು ಎಂದಾದರೂ ನೆನಪಿರುತ್ತಿತ್ತು. ಈ ಮನೆಯಲ್ಲಿ ನನ್ನ ದನಿ ನನಗೇ ಕೇಳುವುದು ಆಫೀಸಿನವರ ಜೊತೆ ಫೋನಿನಲ್ಲಿ ಇಂಗ್ಲಿಷ್ ಆಡುವಾಗ ಮಾತ್ರ. ಬಂದು ಎರಡು ದಿನ ಕನ್ನಡದಲ್ಲಿ ಬೈದರೂ ಸಾಕು.

ಇಂತಿ,
ಪೂರ್ಣಿಮಾ

ತಾ.ಕ.: ಪಾಸಾಂಗ್‌ಗೆ ವೀಸಾ ಸಿಗಲಿಲ್ಲ. ಟ್ರಸ್ಟ್‌ನವರು ಗುರುವಾರವೇ ಫೋನ್ ಮಾಡಿ ಹೇಳಿದರು. ಈ ಕಾಗದ ಬರೆಯಲು ಕೂರುವಾಗಲೇ ನನಗೆ ಗೊತ್ತಿತ್ತು. ಹದಿನೆಂಟಕ್ಕೆ ಮನೆಗೆ ಯಾರೂ ಬರುವುದಿಲ್ಲ. ನೀವು ಬನ್ನಿ.