ಕುಂಚ ಒರೆಸುವ ಹಲಗೆ

ಮಾರ್ಚ್ 14, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಆರು ವರ್ಷದಿಂದ ನಾನೂ ತಮ್ಮನೂ ಒಂದೇ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದೇವೆ. ನಡುವೆ ಗೋಡೆಗೆ ಒರಗಿಸಿದ ಒಂದು ಹಲಗೆ. ಬಣ್ಣ ಬದಲಿಸುವಾಗ ಇಬ್ಬರೂ ಕುಂಚ ಒರೆಸುವುದು ಅದಕ್ಕೇ. ವಾರದಿಂದ ಅದು ಕಾಣದಾಗ ಎಸೆದಿರಬೇಕು ಅಂದುಕೊಂಡಿದ್ದೆ. ಇವತ್ತು ನಮ್ಮಿಬ್ಬರ ಪ್ರದರ್ಶನ ಶುರು. ಗ್ಯಾಲರಿಯ ಬಾಗಿಲು ದಾಟುತ್ತಲೇ ಎದುರಿಗೆ ಆ ಹಲಗೆ, ಅದಕ್ಕೆ ಚೌಕಟ್ಟು ಬೇರೆ. ಕೆಳಗೆ ‘ಮೌನ’ ಎಂಬ ಚೀಟಿ, ಅವನೊಬ್ಬನದೇ ಹೆಸರು.

ಮೂಲೆಗೆ ಕರೆದು ಕೇಳಿದೆ.

“ಒಂದು ಚಿತ್ರ ಕಮ್ಮಿ ಬಿತ್ತು ಕಣಕ್ಕಾ. ಅದ್ರಲ್ಲಿ ನಿಂದೇನಿದೆ, ಬರೀ ಕುಂಚ ಒರೆಸಿದ್ದೀಯ.”

“ನಾನು ಕುಂಚ ಒರೆಸಿದೆ. ನೀನೇನು ಕಣ್ಣೀರು ಒರೆಸಿದ್ಯಾ?”

ಅವನು ಮತ್ತೆ ಹಲಗೆಯ ಪಕ್ಕಕ್ಕೆ ಹೋಗಿ ನಿಂತ. ಗ್ಯಾಲರಿಯ ಯಜಮಾನಿ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, ಎಡಗಡೆಯ ಹಸಿರಿಗೆ ಎಷ್ಟು ಧೈರ್ಯ ನೋಡಿ ಎಂದು ಹೊಗಳುತ್ತಿದ್ದರು. ಆ ಹಸಿರು ನನ್ನದು. ಅವನು ಹಸಿರು ಮುಟ್ಟುವವನೇ ಅಲ್ಲ. ಆದರೂ ಮಹಾಶಯ ತಲೆಯಾಡಿಸುತ್ತಾ ನಿಂತಿದ್ದ. ನನ್ನ ಒಂಬತ್ತು ಚಿತ್ರಗಳ ಮುಂದೆ ಜನ ಕಾಲು ನಿಲ್ಲಿಸದೆ ನಡೆದೇ ಹೋದರು.

ನಾಳೆ ಆ ಚೀಟಿ ಕಿತ್ತು ಬಿಸಾಡುತ್ತೇನೆ. ಬೇಡ, ನನ್ನ ಹೆಸರನ್ನೂ ಸೇರಿಸಿ ಎನ್ನುತ್ತೇನೆ.

ಎಲ್ಲರೂ ಹೋದ ಮೇಲೆ ಒಬ್ಬಳೇ ಅದರ ಮುಂದೆ ನಿಂತೆ. ಅವನು ಕದ್ದದ್ದನ್ನು ಹೇಗೋ ನುಂಗಿಕೊಂಡೇನು. ವರ್ಷಗಟ್ಟಲೆ ತಿದ್ದಿ ತೀಡಿದ ನನ್ನ ಒಂಬತ್ತರಲ್ಲಿ ಒಂದಕ್ಕೂ, ಕಣ್ಣೆತ್ತಿಯೂ ನೋಡದೆ ಒರೆಸಿಬಿಟ್ಟ ಆ ಹಸಿರಿನ ಜೀವವಿಲ್ಲ. ಈ ಜಗಳವನ್ನು ಯಾರ ಹತ್ತಿರ ಆಡಲಿ?