ಅಂಟಿಸಲಾಗದ ಉಗುರು

ಅಂಗಡಿಯ ಮೇಲಿನ ಕೋಣೆ
ಮಾರ್ಚ್ ೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಈಗ ಹೇಗಿದೆ? ತಂಗಿಯ ಮನೆಯ ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿದೇ ಹತ್ತು, ನಿನ್ನ ಮರ್ಯಾದೆಗೇನೂ ಕುಂದು ಬರುವುದಿಲ್ಲ. ಕನ್ನಡಕದ ಹೊಸ ಗಾಜು ಹೊಂದಿಕೊಂಡಿತು ತಾನೆ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಣ್ಣನಿಗೆ ನೆಗಡಿ ಬಂದು ಹೋಯಿತು, ಹೋಗುವಾಗ ಅವನ ಸಿಡುಕನ್ನು ಮಾತ್ರ ಇಲ್ಲೇ ಬಿಟ್ಟು ಹೋಯಿತು. ಫೋನಿರುವಾಗ ಪತ್ರವೇಕೆ ಎಂದು ಕೇಳುತ್ತೀಯ. ಕೈಗಳ ವಿಷಯ ಎತ್ತಿದೊಡನೆ ನೀನು "ಸರಿ ಬಿಡು, ಒಲೆ ಮೇಲೆ ಹಾಲಿದೆ" ಎಂದು ಫೋನ್ ಇಟ್ಟುಬಿಡುತ್ತೀಯ, ಅದಕ್ಕೆ. ಪತ್ರವಾದರೆ ಹಾಲು ಉಕ್ಕಿದರೂ ಕಾದಿರುತ್ತದೆ.

ಸೆಪ್ಟೆಂಬರಿನ ಆ ದಿನದಿಂದಲೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಗ್ರಂಥಾಲಯದಿಂದ ಮರುಕಟ್ಟಲು ಬಂದ ಹಳೆಯ ಕವಿತೆಗಳ ಸಂಪುಟಗಳು ಮೇಜಿನ ಮೇಲಿದ್ದವು. ಈರುಳ್ಳಿ ಸಿಪ್ಪೆಯಂಥ ಕಾಗದ, ಹಿಂದಿನ ಪುಟದ ಸಾಲುಗಳು ಮುಂದಿನ ಪುಟದೊಳಗಿಂದ ಕಾಣುವಷ್ಟು ತೆಳು. ನೀನು ಹಾಳೆ ಮಡಿಸಿ, ಮಡಿಕೆ ಕೂರಿಸಲು ಅದರ ಮೇಲೆ ಹೆಬ್ಬೆರಳಿನ ಉಗುರನ್ನು ಎಳೆದೆ. ಪದರ ಬಿಟ್ಟ ಉಗುರಿನ ಚೂರು ಕಾಗದಕ್ಕೆ ಸಿಕ್ಕಿ, ಪುಟ ಆ ಅಂಚಿನಿಂದ ಈ ಅಂಚಿನವರೆಗೆ ಸೀಳಿಹೋಯಿತು. ನೀನು ಪುಸ್ತಕವನ್ನು ಮೆಲ್ಲಗೆ ಮುಚ್ಚಿಟ್ಟು, "ಈ ಕೈ ಇನ್ನು ಮೇಜಿಗಲ್ಲ" ಅಂದೆ. ಆ ವಾರವೇ ತಂಗಿಯ ಮನೆಗೆ ಹೊರಟುಬಿಟ್ಟೆ. ನಲವತ್ತು ವರ್ಷ ಪುಸ್ತಕ ಕಟ್ಟಿದ ಕೈ ಒಂದು ಪುಟಕ್ಕೆ ಸೋತು ಕೂತಿತಲ್ಲ ಎಂದು ನಾನು ಎಷ್ಟೋ ದಿನ ಆ ಪುಟವನ್ನೇ ತೆಗೆದು ನೋಡುತ್ತಿದ್ದೆ.

ಸಂಪುಟಗಳನ್ನು ಹಾಗೇ ವಾಪಸು ಕೊಟ್ಟುಬಿಡೋಣ ಎಂದು ಅಣ್ಣ ಹಟ ಹಿಡಿದ. "ನಮ್ಮ ಮನೆತನದ ಉಗುರೇ ಇಷ್ಟು, ಯಾರ ಉಗುರು ನಂಬ್ಕೊಂಡು ಇಟ್ಕೊಳ್ಳೋದು" ಅಂದ. ಬೇರೆ ಅಂಗಡಿಯವರ ಹಾಗೆ ಉಗುರಿನ ಬದಲು ನಯವಾದ ಮೂಳೆಯ ಪಟ್ಟಿಯಿಂದ ಒತ್ತಿ ಮಡಿಕೆ ಕೂರಿಸಬಹುದಿತ್ತು. ಆದರೆ ಅಪ್ಪ ಇರುವವರೆಗೆ ಅದನ್ನು ಅಂಗಡಿಯೊಳಕ್ಕೇ ಬಿಟ್ಟವರಲ್ಲ. ಕಾಗದಕ್ಕೆ ನೋವಾದದ್ದು ಪಟ್ಟಿಗೆ ಗೊತ್ತಾಗುವುದಿಲ್ಲ, ಉಗುರಿಗೆ ಗೊತ್ತಾಗುತ್ತದೆ ಎಂದು ಅವರ ವಾದ. ಪಟ್ಟಿ ತರಿಸಿ ನಾನೂ ರದ್ದಿ ಹಾಳೆಯ ಮೇಲೆ ಪ್ರಯತ್ನಿಸಿದೆ. ಅಂಥ ತೆಳು ಕಾಗದದ ಮಟ್ಟಿಗೆ ಅಪ್ಪನದೇ ಸರಿ. ಹಾಗಾಗಿ ಅಣ್ಣನಿಗೆ ಹೇಳಿದೆ, ವಸಂತದವರೆಗೆ ಗಡುವು ಕೇಳು, ನಾನು ಉಗುರು ಗಟ್ಟಿ ಮಾಡಿಕೊಂಡು ಕೂರುತ್ತೇನೆ ಎಂದು. ಅವನು ನಕ್ಕ ನಗು ಕೆಳಗಿನ ರಸ್ತೆಗೂ ಕೇಳಿಸಿರಬೇಕು. "ಎಂ.ಎ. ಮಾಡಿದೋಳು ಉಗುರು ಬೆಳೆಸ್ತಾಳಂತೆ, ಮುಂದೆ ಕೊಂಬೂ ಬರಬಹುದು" ಅಂದ. ಆದರೂ ಗಡುವು ಕೇಳಿ ತಂದ. ಅವನ ಗುಣ ನಿನಗೆ ಗೊತ್ತೇ ಇದೆ.

ಮೊದಲು ನಾನು ಮಾಡಿದ ಕೆಲಸ ಕೇಳಿದರೆ ನೀನು ತಲೆ ಚಚ್ಚಿಕೊಳ್ಳುತ್ತೀಯ. ಹರಿದ ಪುಟಕ್ಕೆ ಹಚ್ಚುವ ತೆಳು ಕಾಗದವನ್ನೇ ಕತ್ತರಿಸಿ, ನಮ್ಮ ಮೈದಾ ಅಂಟಿನಲ್ಲೇ ಉಗುರಿನ ಸೀಳಿಗೆ ಅಂಟಿಸಿದೆ. ಅಂಚನ್ನು ನೀಟಾಗಿ ನಯ ಕೂಡ ಮಾಡಿದೆ. ನೋಡಲು ಬಲು ಸೊಗಸಾಗಿತ್ತು, ಕೈ ತೊಳೆಯುವವರೆಗೆ. ಆಮೇಲೆ ಕಾಗದ ಬಿಟ್ಟುಕೊಂಡಿತು, ಹೋಗುವಾಗ ಉಗುರಿನ ಇನ್ನೊಂದು ಪದರವನ್ನೂ ಕರೆದುಕೊಂಡು ಹೋಯಿತು. ಮುಂದಿನ ಪ್ರಯೋಗ, ಉಗುರು ಗಟ್ಟಿ ಮಾಡುವ ಬಣ್ಣವಿಲ್ಲದ ಪಾಲಿಶ್. ದಿನಾ ಹಚ್ಚಿದೆ. ಗಟ್ಟಿಯೇನೋ ಆಯಿತು. ಆದರೆ ಬಾಗುವುದನ್ನೇ ಮರೆತ ಉಗುರು ಒಂದು ಬೆಳಿಗ್ಗೆ ರಟ್ಟಿನ ಪೆಟ್ಟಿಗೆ ತೆರೆಯುವಾಗ ಗಾಜಿನಂತೆ ಮುರಿಯಿತು. ಅಣ್ಣ ಆ ಚೂರನ್ನು ಎತ್ತಿ ನನ್ನ ಅಂಗೈ ಮೇಲಿಟ್ಟು ತನ್ನ ಕೆಲಸಕ್ಕೆ ಹೋದ. ಬೈದಿದ್ದರೇ ವಾಸಿಯಿತ್ತು.

ಕೊನೆಗೆ ಅತ್ತಿಗೆ ನನ್ನನ್ನು ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಎಂದು ಡಾಕ್ಟರಮ್ಮ ಕೇಳಿದರು. ಎಲ್ಲರಿಗೂ ಇದೆ, ವಂಶದಿಂದ ಬಂದದ್ದು ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಪಕ್ಕದಲ್ಲಿ ಅತ್ತಿಗೆ ತನ್ನ ಹತ್ತೂ ಬೆರಳು ಮೇಜಿನ ಮೇಲೆ ಹರಡಿ, "ನೋಡಿ, ನನಗೂ ಹಾಗೇ" ಅಂದಳು. ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿ, "ನೀವು ಇವರ ವಂಶದೋರಾ?" ಎಂದರು. "ಅಯ್ಯೋ ಇಲ್ಲ, ನಾನು ಸೊಸೆ" ಅಂದವಳು ಅಲ್ಲೇ ಬಾಯಿ ತೆರೆದುಕೊಂಡು ಕೂತಳು. ನಾನೂ ಕೂತೆ. ಅಮ್ಮಾ, ಮದುವೆಯಾಗಿ ಬಂದಾಗ ಅವಳ ಉಗುರುಗಳು ಹೇಗಿದ್ದವು, ನೆನಪಿದೆಯಾ? ನಮ್ಮ ಜೊತೆ ಮೇಜಿಗೆ ಕೂತ ವರ್ಷದೊಳಗೆ ಅವು ಪದರ ಬಿಡತೊಡಗಿದಾಗ, ಈಗ ನೀನು ನಿಜವಾಗಿ ನಮ್ಮವಳಾದೆ ಎಂದು ನಾವೆಲ್ಲ ನಕ್ಕು ಸಂಭ್ರಮಪಟ್ಟಿದ್ದೆವಲ್ಲ. ನೀನೂ ಈ ಮನೆಗೆ ಸೊಸೆಯಾಗಿಯೇ ಬಂದವಳು. ನಿನ್ನ ಉಗುರು ಈ ವಂಶದ್ದು ಹೇಗಾದೀತು? ಇಷ್ಟು ವರ್ಷ ಅದು ಯಾರ ತಲೆಗೂ ಹೊಳೆಯಲಿಲ್ಲ.

ತಪ್ಪು ರಕ್ತದಲ್ಲಿರಲಿಲ್ಲ, ಬಚ್ಚಲಿನ ನಲ್ಲಿಯಲ್ಲಿತ್ತು. ಅಂಟು ಮುಟ್ಟಿದ ಕೈಯನ್ನು ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದು, ಒರಟು ಬಟ್ಟೆಯಲ್ಲಿ ಒರಸಿಯೇ ಪುಟ ಮುಟ್ಟಬೇಕು ಎಂಬುದು ನಮ್ಮ ಅಂಗಡಿಯ ಕಟ್ಟಳೆ. ಒಂದು ಪುಸ್ತಕವನ್ನು ಒಬ್ಬರೇ ಮೊದಲಿಂದ ಕೊನೆಯವರೆಗೆ ಕಟ್ಟಬೇಕು ಎಂಬುದು ಇನ್ನೊಂದು. ಎರಡೂ ಸೇರಿ, ಮಡಿಸು, ಅಂಟು ಹಚ್ಚು, ತೊಳೆ, ಮತ್ತೆ ಮಡಿಸು ಎಂದು ಬೆಳಗಿನಿಂದ ಸಂಜೆವರೆಗೆ ನಾವು ನಲ್ಲಿಗೂ ಮೇಜಿಗೂ ಓಡಾಡಿದ್ದೇ ಓಡಾಡಿದ್ದು. ನೆನೆದ ಉಗುರು ಉಬ್ಬುತ್ತದೆ, ಒಣಗಿದ್ದು ಕುಗ್ಗುತ್ತದೆ, ಹಾಗೆ ಉಬ್ಬಿ ಕುಗ್ಗಿ ಪದರ ಬಿಡುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ನೆನೆದ ರಟ್ಟನ್ನು ಬಿಸಿಲಿಗಿಟ್ಟರೆ ಏನಾಗುತ್ತದೆಂದು ಹುಟ್ಟಿದಾಗಿನಿಂದ ನೋಡಿದವಳಿಗೆ ಇನ್ನೊಬ್ಬರು ಹೇಳಬೇಕಾಯಿತು.

ಅವರು ಹೇಳಿದ ಇನ್ನೊಂದು ಮಾತು ನನ್ನೊಳಗೆ ಬಹಳ ದಿನ ಓಡಾಡಿತು. ಹೊರಗೆ ಕಾಣುವ ಉಗುರಿಗೆ ಜೀವವಿಲ್ಲವಂತೆ. ಸೀಳಿದ್ದು ತಾನಾಗಿ ಕೂಡಿಕೊಳ್ಳುವುದಿಲ್ಲ, ಬುಡದಿಂದ ಹೊಸದಾಗಿ ಬರುವುದನ್ನು ಕಾಯಬೇಕು ಅಷ್ಟೆ. ಹರಿದದ್ದನ್ನೆಲ್ಲ ಅಂಟಿಸಿಯೇ ಬದುಕಿದ ಮನೆಯವರು ನಾವು. ಅಂಟಿಸಲು ಬಾರದ ವಸ್ತುವೊಂದು ನಮ್ಮ ಕೈಯ ತುದಿಯಲ್ಲೇ ಇತ್ತು. ತುದಿಯಲ್ಲಿ ಕಾಣುವುದು ತಿಂಗಳುಗಳ ಹಿಂದಿನ ಬದುಕು, ಇವತ್ತಿನದು ಇನ್ನೂ ಚರ್ಮದ ಕೆಳಗೆ ಬರೆಯಿಸಿಕೊಳ್ಳುತ್ತಿರುತ್ತದೆ. ಕವಿತೆ ಓದುವ ನನಗೆ ಇದಕ್ಕಿಂತ ಇನ್ನೇನು ಬೇಕು ಹೇಳು. ಊಟದ ಹೊತ್ತಿನಲ್ಲಿ ಇದನ್ನು ಹೇಳಿದಾಗ ಅಣ್ಣ, "ಮೊದಲು ಕೈ ತೊಳ್ಕೊಂಡು ಬಾ" ಅಂದು, ತಕ್ಷಣ ನಾಲಿಗೆ ಕಚ್ಚಿಕೊಂಡ.

ಕಟ್ಟಳೆ ಮುರಿಯುವುದೇ ಕಷ್ಟವಾದದ್ದು. ಒಂದು ದಿನ ಬರೀ ಅಂಟಿನ ಕೆಲಸ, ಅದೂ ಗ್ಲೌಸ್ ಹಾಕಿಕೊಂಡು. ಮಾರನೆಯ ದಿನ ಬರೀ ಮಡಿಕೆ. "ಗ್ಲೌಸ್ ಹಾಕ್ಕೊಂಡು ಅಂಟು ಹಚ್ಚೋದಂದ್ರೆ ಕಂಬಳಿ ಹೊದ್ಕೊಂಡು ಸ್ನಾನ ಮಾಡಿದಂಗೆ" ಎಂದು ಅಣ್ಣ ಗೊಣಗಿದ. ಉಗುರಿಗೆ ಎಣ್ಣೆ ಹಚ್ಚಬೇಕು ಎಂದಾಗಲಂತೂ ಅವನ ಮುಖ ನೋಡಬೇಕಿತ್ತು. ಪುಟದ ಮೇಲೆ ಎಣ್ಣೆಯ ಕಲೆ ಬಿದ್ದರೆ ನಮ್ಮ ಕಥೆ ಮುಗಿಯಿತಲ್ಲ. ಹಾಗಾಗಿ ಎಣ್ಣೆ ಕೆಳಗಿನ ಅಂಗಡಿಗೆ ಇಳಿಯುವಂತಿಲ್ಲ ಎಂದು ಒಪ್ಪಂದವಾಯಿತು. ಕೆಲಸ ಮುಗಿಸಿ ಮೇಲೆ ಬಂದ ಮೇಲೆ ಉಗುರಿಗೂ ಅದರ ಬುಡಕ್ಕೂ ತಿಕ್ಕಿ, ಹತ್ತಿಯ ಗ್ಲೌಸ್ ಹಾಕಿ ಮಲಗುವುದು. ಉಗುರನ್ನು ಗಿಡ್ಡವಾಗಿ ಕತ್ತರಿಸಿ, ನಯವಾದ ಅರದಿಂದ ಒಂದೇ ದಿಕ್ಕಿಗೆ ಉಜ್ಜುವುದು. ಪಾಲಿಶ್ ಕಸದ ಬುಟ್ಟಿಗೆ ಹೋಯಿತು. ಅತ್ತಿಗೆಯೂ ನಾನೂ ಸಂಜೆ ಎದುರುಬದುರು ಕೂತು ಎಣ್ಣೆ ತಿಕ್ಕಿಕೊಳ್ಳುವುದನ್ನು ಕಂಡು ಅಣ್ಣ ನಮಗೆ ಪೈಲ್ವಾನರು ಎಂದು ಹೆಸರಿಟ್ಟ. ಚಳಿಗಾಲದ ನಡುವಿನಲ್ಲಿ ಬುಡದಿಂದ ಗುಲಾಬಿ ಬಣ್ಣದ ನುಣ್ಣನೆಯ ಉಗುರು ಅರ್ಧ ದಾರಿ ಬಂದಿತ್ತು. ಹಳೆಯದಕ್ಕೂ ಅದಕ್ಕೂ ನಡುವಿನ ಗೆರೆ ಎದ್ದು ಕಾಣುತ್ತಿತ್ತು. ಕೆಲಸದ ನಡುವೆ ಬೆರಳಿನಿಂದ ಅದನ್ನೇ ಸವರಿ ನೋಡುತ್ತಿದ್ದೆ. ಫೆಬ್ರವರಿಯಲ್ಲಿ ಆ ಗೆರೆ ತುದಿಗೆ ಬಂತು. ಅದನ್ನು ನಾನೇ ಕತ್ತರಿಸಿ ಬಿಸಾಡಿದೆ.

ಆಮೇಲೆ ಮೇಜಿಗೆ ಕೂತೆ. ಮೊದಲ ಪುಟದ ಮೇಲೆ ಹೆಬ್ಬೆರಳಿಟ್ಟೆ. ಉಗುರು ಎಳೆದೆ. ಸದ್ದೇ ಇಲ್ಲ, ಅಮ್ಮಾ. ಹಳೆಯ ಉಗುರಿನ ಆ ಕರಕರ ಇಲ್ಲವೇ ಇಲ್ಲ. ಮಡಿಕೆ ನೀರಿನ ಮೇಲಿನ ಗೆರೆಯಂತೆ ಕೂತಿತು. ಎಲ್ಲ ಸಂಪುಟಗಳೂ ಮುಗಿದವು. ಒಂದು ಪುಟವೂ ಹರಿಯಲಿಲ್ಲ. ನಿನ್ನ ಕೈಯಲ್ಲಿ ಸೀಳಿದ ಪುಟವನ್ನು ನೀನು ಕಲಿಸಿದ ಹಾಗೆಯೇ ಕೂಡಿಸಿದೆ.

ಮೊನ್ನೆ ಗುರುವಾರ ಗ್ರಂಥಾಲಯದ ಅಧಿಕಾರಿ ಬಂದರು. ಅದೇ, ನಗುವುದಕ್ಕೂ ಅರ್ಜಿ ಕೇಳುವ ಮುಖದ ಹೆಂಗಸು. ಕಿಟಕಿಯ ಹತ್ತಿರ ನಿಂತು ಪುಟಗಳನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಹೋದರು. ಕೊನೆಗೆ, "ಒಂದು ಪುಟ ಹರಿದಿತ್ತು ಅಂದಿದ್ರಲ್ಲ, ಯಾವುದು?" ಎಂದರು. ಆ ಪುಟವನ್ನು ಅವರು ಆಗಲೇ ಬೆಳಕಿಗೆ ಹಿಡಿದು ದಾಟಿಯಾಗಿತ್ತು. ಅಣ್ಣ ಅವರನ್ನು ಬಾಗಿಲವರೆಗೆ ಕಳಿಸಿ ಬಂದು, ನನ್ನ ಕೈ ಹಿಡಿದು ಹೆಬ್ಬೆರಳನ್ನು ತಿರುಗಿಸಿ ನೋಡಿದ. "ಗ್ಲೌಸ್ ಇನ್ನೊಂದು ಜೊತೆ ತರಿಸು, ನನ್ನ ಅಳತೆದು" ಅಂದ. ಅತ್ತಿಗೆ ಒಳಗೆ ಹೋಗಿ ನಕ್ಕು ಬಂದಳು. ನಾನು ಅಲ್ಲೇ ನಿಂತು ನಕ್ಕೆ.

ತಂಗಿಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸು. ಅತ್ತಿಗೆ ನಿನ್ನ ಕಾಲಿಗೆ ನಮಸ್ಕಾರ ಹೇಳಿದ್ದಾಳೆ. ಅಣ್ಣ ಹೇಳಿಲ್ಲ, ಆದರೆ ಈ ಪತ್ರವನ್ನು ಅಂಚೆಗೆ ಹಾಕಲು ಆಗಿನಿಂದ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ.

ನಿನ್ನ ಆಶೀರ್ವಾದ ಬೇಡುವ,
ನಿನ್ನ ಪುಸ್ತಕದ ಹುಳು

ಮರೆತಿದ್ದೆ: ಗ್ರಂಥಾಲಯದವರು ಇನ್ನೊಂದು ಕಟ್ಟು ಕಳಿಸುತ್ತಾರೆ, ಇದಕ್ಕಿಂತ ತೆಳು ಕಾಗದದ್ದು, ಸೆಪ್ಟೆಂಬರಿಗೆ. ನಾನು ಒಪ್ಪಿಕೊಂಡುಬಿಟ್ಟೆ. ಯಾರು ಮಾಡುತ್ತಾರೆ ಎಂದು ಕೇಳಿದರು, ನಮ್ಮಮ್ಮ ಎಂದೆ. ಬೈಯಬೇಡ. ಉಗುರು ಬುಡದಿಂದ ತುದಿಗೆ ಬರಲು ಐದಾರು ತಿಂಗಳು ಬೇಕು, ಲೆಕ್ಕ ಸರಿಯಾಗಿದೆ, ಇವತ್ತೇ ಶುರು ಮಾಡು. ನೀನು ಅಲ್ಲಿ ಮೂರು ಹೊತ್ತೂ ಪಾತ್ರೆ ತಿಕ್ಕುತ್ತೀಯಂತೆ, ತಂಗಿ ಹೇಳಿದಳು. ಆ ಕೆಲಸವನ್ನು ನಿನ್ನ ಅಳಿಯನಿಗೆ ಬಿಡು. ಅವನ ಉಗುರು ನೋಡಿದ್ದೇನೆ, ಕಲ್ಲಿನ ಹಾಗಿವೆ.